ಮಿಸ್‌ಗೆ ಹಸಿರು ಬಳೆ

ಶಿಡ್ಲಘಟ್ಟ, 13 ಜನವರಿ 1989, ಶುಕ್ರವಾರ

ಊಟ ಸೇರಲಿಲ್ಲ.

ಸಂಕ್ರಾಂತಿಗೆ ಶಿಶುವಿಹಾರದ ಕದಿರಮ್ಮ ಮಿಸ್‌ಗೆ ಏನು ಕೊಡೋದು ಅಂತ ವಾರದಿಂದ ಯೋಚನೆ. ಸ್ಟೀಲ್ ಡಬ್ಬಿ ಅಂದೆ, ರವಿಕೆ ಬಟ್ಟೆ ಅಂದೆ. ಗುಲ್ಷನ್‌ದು ಒಂದೇ ಹಟ: "ಅಮ್ಮೀ, ಮಿಸ್‌ಗೆ ಹಸಿರು ಬಳೆ." ಬಳೆ ಅಂಗಡಿಯವರ ಮಗಳು ಇನ್ನೇನು ಕೇಳ್ತಾಳೆ! ಅಳತೆ ಗೊತ್ತಿಲ್ಲ, ನಾನೇ ತೊಡಿಸಿ ಬರೋಣ ಅಂತ ಸಂಜೆ ಹೇಳದೆ ಕೇಳದೆ ಅವರ ಮನೆಗೆ ಹೋದೆ.

ಬಾಗಿಲು ತೆಗೆದವರ ಹಣೆ ಖಾಲಿ. ಕೈ ಖಾಲಿ. ಕರಿಮಣಿ ಸರ ಗೋಡೆಯ ಮೊಳೆಗೆ ನೇತಾಡ್ತಾ ಇತ್ತು, ಕೊಡೆಯ ಪಕ್ಕದಲ್ಲಿ.

ಗಂಡ ಕುಡುಮಲಕುಂಟೆ ಫ್ಯಾಕ್ಟರೀಲಿದ್ದಾರೆ, ಭಾನುವಾರ ಬರ್ತಾರೆ ಅಂತಿದ್ದರಲ್ಲ? ತೀರಿಕೊಂಡು ಮೂರು ವರ್ಷವಂತೆ. ಇವರು ಈ ಊರಿಗೆ ಬರೋ ಮೊದಲೇ.

"ಯಾರಿಗೂ ಹೇಳ್ಬೇಡಿ ಕಣಮ್ಮ. ಬೆಳಗ್ಗೆ ಎದ್ದು ಮುಂಡೆ ಮುಖ ನೋಡ್ಲಿ ಅಂತ ಯಾರು ಮಕ್ಕಳನ್ನ ಕಳಿಸ್ತಾರೆ?"

ಆ ಮಾತನ್ನ ಎಷ್ಟು ಸಲೀಸಾಗಿ ಅಂದರು! ನನ್ನ ಮಗಳ ಮೂಗು ಒರೆಸೋ ಹೆಂಗಸು ದಿನಾ ವೇಷ ಹಾಕ್ಕೊಂಡು ಬರ್ಬೇಕಾ? ಥೂ, ಯಾವ ಊರಿದು.

ಬಳೆ ವಾಪಸ್ ಚೀಲಕ್ಕೆ ಹಾಕೋಕೆ ಹೋದೆ. ಅವರು ಕೈ ಚಾಚಿದರು. "ತೊಡಿಸಿ. ಇದ್ದವನ್ನ ಮಕ್ಕಳು ಎಳೆದಾಡಿ ಒಡೆದುಹಾಕಿದಾರೆ. ಸೋಮವಾರಕ್ಕೆ ಬೇಕು."

ತೊಡಿಸಿದೆ. ಅಳತೆ ಸರಿಯಾಗಿತ್ತು. ನಾನು ಮೆಟ್ಟಿಲು ಇಳಿಯೋ ಮೊದಲೇ ಒಳಗಿಂದ ಅವನ್ನ ಒಂದೊಂದಾಗಿ ಬಿಚ್ಚೋ ಸದ್ದು.

ಈಗ ಗುಲ್ಷನ್ ನಿದ್ದೆಗಣ್ಣಲ್ಲೇ ಕೇಳಿದಳು, "ಮಿಸ್ ಹಾಕ್ಕೊಂಡ್ರಾ?"

ಹಾಕ್ಕೊಂಡ್ರು ಅಂದೆ.