ಕ್ಯಾಮೆರಾ ಕೆಟ್ಟಿರಲಿಲ್ಲ, ಅಕ್ಕ

ನನ್ನ ಮುಖ ನೋಡುವುದಿಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗಿರುವ ಅಕ್ಕನಿಗೆ,

ಈ ಕಾಗದ ಹರಿದು ಹಾಕಬೇಡ. ಹರಿಯಲೇಬೇಕು ಅನ್ನಿಸಿದರೆ ಓದಿ ಹರಿ. ಪ್ರೆಸ್ ನಡೆಸುವವಳು ನೀನು, ಅಕ್ಷರ ಕಂಡರೆ ಓದದೆ ಇರಲಾರೆ ಎನ್ನುವ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಿನ್ನನ್ನು ನೋಡಲು ಎರಡು ಸಲ ವಾರ್ಡಿಗೆ ಬಂದೆ. ಎರಡು ಸಲವೂ ಭಾವ ಬಾಗಿಲಿಗೆ ಅಡ್ಡ ನಿಂತು, "ಈಗ ಬೇಡಮ್ಮ, ಅವಳು ಕೆಂಡ ಆಗಿದ್ದಾಳೆ" ಅಂದರು. ಒಳಗಿನಿಂದ ನಿನ್ನ ದನಿ ಚೆನ್ನಾಗಿಯೇ ಕೇಳಿಸುತ್ತಿತ್ತು. "ನಾಲ್ಕು ಸಣ್ಣ ತೂತು ಅಂದ್ರು, ಈಗ ನೋಡಿದ್ರೆ ಹೊಟ್ಟೇನೇ ಸೀಳಿಟ್ಟಿದ್ದಾರೆ. ಈ ಮೊಂಡಿ ಅಲ್ಲೇ ಮೈಕ್ ಹಿಡ್ಕೊಂಡು ಕೂತಿದ್ಲಲ್ಲ, ಏನು ಕಡಿದು ಗುಡ್ಡೆ ಹಾಕಿದ್ಲಂತೆ?" ಹೊಟ್ಟೆಗೆ ಅಷ್ಟುದ್ದ ಹೊಲಿಗೆ ಬಿದ್ದವಳಿಗೆ ಇಷ್ಟು ಗಂಟಲಿದೆಯಲ್ಲ ಎಂದು ಮೊದಲು ಸಂತೋಷವಾಯಿತು. ಆಮೇಲೆ ಮೆಟ್ಟಿಲ ಬಳಿ ನಿಂತು ಅತ್ತೆ.

ಕ್ಯಾಮೆರಾ ಕೈಕೊಟ್ಟಿತು, ಅದಕ್ಕೇ ಹೊಟ್ಟೆ ತೆರೆಯಬೇಕಾಯಿತು ಎಂದು ಭಾವ ನಿನಗೆ ಹೇಳಿದ್ದಾರೆ. ಅವರದೇನೂ ತಪ್ಪಿಲ್ಲ. ನಮ್ಮ ಸರ್ಜನ್‌ಗಳ ಸಂಘದ ಕಾರ್ಯದರ್ಶಿಗಳು ಅವರಿಗೆ ಹಾಗೆ ಹೇಳಿದರು. ಆದರೆ ಕ್ಯಾಮೆರಾ ಕೆಟ್ಟಿರಲಿಲ್ಲ, ಅಕ್ಕ. ಸಭಾಂಗಣದ ಪರದೆ ಆರಿಸಿ ಎಂದವಳು ನಾನು. ಯಾಕೆ ಹಾಗೆ ಮಾಡಿದೆ ಎನ್ನುವುದನ್ನು ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳು.

ನಿನಗೆ ನಮ್ಮ ಸಂಘ ಹೊಸದಲ್ಲ. ಅದರ ಮಾಸಪತ್ರಿಕೆ ನಿನ್ನ ಪ್ರೆಸ್ಸಿನಲ್ಲೇ ಅಚ್ಚಾಗುತ್ತದೆ, ಅದನ್ನು ಸಂಪಾದಿಸುವುದು ನಾನು, ನನ್ನ ತಪ್ಪು ತಿದ್ದುವುದು ನೀನು. ಯಾರಿಗೆ ಪದವಿ ಬಂತು, ಯಾರು ಯಾವ ದೇಶದಲ್ಲಿ ಭಾಷಣ ಮಾಡಿ ಬಂದರು ಎಂಬುದೆಲ್ಲ ಸದಸ್ಯರಿಗಿಂತ ಮೊದಲು ನಿನಗೆ ಗೊತ್ತಾಗುತ್ತದೆ. ನಮಗೆ 'ಕತ್ತರಿ ಸಂಘ' ಎಂದು ಹೆಸರಿಟ್ಟವಳೂ ನೀನೇ. ಒಂದು ದಿನ ಪ್ರೂಫಿನ ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿ, "ಅಲ್ಲ ಕಣೇ, ಇಷ್ಟು ವರ್ಷದಿಂದ ಅಚ್ಚು ಹಾಕ್ತಿದ್ದೀನಿ, ನಿಮ್ಮಲ್ಲಿ ಯಾರ ಆಪರೇಷನ್ನೂ ಕೆಡೋದೇ ಇಲ್ವಾ? ಎಲ್ಲಾ ಯಶಸ್ವಿ, ಎಲ್ಲಾ ಯಶಸ್ವಿ. ಆ ಪದಾನ ಒಂದೇ ಸಲ ಜಾಸ್ತಿ ಅಚ್ಚು ಹಾಕಿಟ್ರೆ ಅಂಟಿಸ್ಕೋಬಹುದು" ಎಂದಿದ್ದೆ. ನಾನು ನಕ್ಕು ಸುಮ್ಮನಾದೆ.

ಊಟವಾದ ಮೇಲೆ ಬಲಪಕ್ಕೆ ಹಿಡಿದುಕೊಂಡು ಕುಳಿತುಬಿಡುವುದು ನಿನಗೆ ಅಭ್ಯಾಸವೇ ಆಗಿಹೋಗಿತ್ತು. ಗ್ಯಾಸು ಗ್ಯಾಸು ಎನ್ನುತ್ತಾ ದಿನ ದೂಡಿದೆ. ಕೊನೆಗೆ ಬೈದು ಎಳೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದ ತುಂಬ ಕಲ್ಲು. ಅದೇ ಹೊತ್ತಿಗೆ ಸಂಘದ ವಾರ್ಷಿಕ ಕಾರ್ಯಾಗಾರದ ತಯಾರಿ ನಡೆದಿತ್ತು. ಶಿಕ್ಷಣ ವಿಭಾಗ ನನ್ನದು. ಹೆಸರಾಂತ ಸರ್ಜನ್ ಒಬ್ಬರು ಬಂದು ಸಣ್ಣ ತೂತುಗಳಲ್ಲಿ ಕ್ಯಾಮೆರಾದ ದುರ್ಬೀನು ತೂರಿಸಿ ಪಿತ್ತಕೋಶ ತೆಗೆಯುವುದು, ಪಕ್ಕದ ಸಭಾಂಗಣದಲ್ಲಿ ಕುಳಿತ ಸದಸ್ಯರು ಅದನ್ನು ದೊಡ್ಡ ಪರದೆಯಲ್ಲಿ ನೋಡಿ ಕಲಿಯುವುದು ಎಂದು ಏರ್ಪಾಡಾಗಿತ್ತು. ಆ ಕಾರ್ಯಕ್ರಮದ ಹಾಳೆಯೂ ನಿನ್ನಲ್ಲಿಗೇ ಬಂತಲ್ಲ. ಓದಿದವಳೇ ಫೋನ್ ಮಾಡಿದೆ. "ಇಷ್ಟು ದೊಡ್ಡ ಡಾಕ್ಟ್ರು ಬರ್ತಿದ್ದಾರೆ, ನನ್ನ ಹೊಟ್ಟೇನೇ ಕೊಟ್ಬಿಡು ಅವರಿಗೆ."

ನಾನು ಬೇಡವೆಂದೆ. ಸ್ವಂತ ಅಕ್ಕನನ್ನು ಅಲ್ಲಿ ಮಲಗಿಸಿ ನಾನು ಮೈಕಿನ ಮುಂದೆ ಕೂರುವುದು ಸರಿಯಲ್ಲ ಎಂದೆ. ನೀನು ಕೇಳುವ ಆಸಾಮಿಯೇ? "ಬೇರೆಯವರ ಹೊಟ್ಟೆ ಆದ್ರೆ ಸರೀನಾ?" ಎಂದು ಒಂದೇ ಮಾತಿಗೆ ಬಾಯಿ ಮುಚ್ಚಿಸಿದೆ. ಆಪರೇಷನ್ನಿನ ದಿನ ನೀನು ಕೂದಲಿಗೆ ಬಣ್ಣ ಹಾಕಿಸಿಕೊಂಡು ಬಂದೆ. ಪರದೆಯ ಮೇಲೆ ಮುಖ ಕಾಣುವುದಿಲ್ಲ, ಹೊಟ್ಟೆಯ ಒಳಗಿನದು ಮಾತ್ರ ಕಾಣುತ್ತದೆ ಎಂದಾಗ, "ಥೂ, ಬಣ್ಣಕ್ಕೆ ಕೊಟ್ಟ ಕಾಸು ದಂಡ" ಎಂದು ನರ್ಸ್‌ಗಳನ್ನೆಲ್ಲ ನಗಿಸಿ ಒಳಗೆ ಹೋದೆ.

ಮೊದಲೆಲ್ಲ ಸರಾಗವಾಗಿ ನಡೆಯಿತು. ನಾನು ವೇದಿಕೆಯ ಪಕ್ಕದ ಮೇಜಿನಲ್ಲಿ ಕುಳಿತು ಸದಸ್ಯರ ಪ್ರಶ್ನೆಗಳನ್ನು ಅತಿಥಿ ಸರ್ಜನ್‌ಗೆ ದಾಟಿಸುತ್ತಿದ್ದೆ. ಅವರು ಕೆಲಸ ಮಾಡುತ್ತಲೇ ಉತ್ತರಿಸುತ್ತಿದ್ದರು, ನಡುನಡುವೆ ಚಟಾಕಿ ಹಾರಿಸುತ್ತಿದ್ದರು. ಬರಬರುತ್ತಾ ಚಟಾಕಿ ನಿಂತಿತು. ನೀನು ಗ್ಯಾಸು ಎನ್ನುತ್ತಾ ಕಳೆದ ದಿನಗಳೆಲ್ಲ ಅಲ್ಲಿ ಒಳಗೆ ಸೇರಿಕೊಂಡಿದ್ದವು. ಊತ ಬಂದು ಬಂದು ಎಲ್ಲವೂ ಒಂದಕ್ಕೊಂದು ಅಂಟಿಹೋಗಿತ್ತು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದು. ಪಿತ್ತಕೋಶ ತೆಗೆಯಬೇಕಾದರೆ ಅದರ ಸಣ್ಣ ನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸಬೇಕು. ಅದರ ಪಕ್ಕದಲ್ಲೇ ಲಿವರಿನಿಂದ ಕರುಳಿಗೆ ಪಿತ್ತ ಒಯ್ಯುವ ದೊಡ್ಡ ನಾಳ ಇರುತ್ತದೆ. ಅದನ್ನು ಮಾತ್ರ ಮುಟ್ಟಬಾರದು. ಅದು ತುಂಡಾದರೆ ಕಾಮಾಲೆ, ಮತ್ತೆ ಮತ್ತೆ ಆಪರೇಷನ್, ಕೆಲವರು ಬದುಕುವುದೂ ಇಲ್ಲ. ಅಂದು ಪರದೆಯ ಮೇಲೆ ಒಂದು ನಾಳ ಕಾಣುತ್ತಿತ್ತು. ಯಾವುದು ಎಂದು ನನಗೆ ತಿಳಿಯಲಿಲ್ಲ. ಅತಿಥಿಗಳ ಕೈಯೂ ನಿಂತಿತು. ಆಗ ಸಭಾಂಗಣದಲ್ಲಿ ಯಾರೋ, "ಅದೇ ಸಾರ್, ಕ್ಲಿಪ್ ಹಾಕಿ" ಎಂದರು. ಇನ್ನೊಬ್ಬರು, "ಹೊಟ್ಟೆ ತೆರೆಯೋದೇ ಇಲ್ಲ ಅಂತ ಹೆಸರು ಮಾಡಿದೋರು ನೀವು, ಇವತ್ತು ಬಿಟ್ಟುಕೊಡಬೇಡಿ" ಎಂದರು. ಜನ ನಕ್ಕರು.

ಇಂಥ ಕಾರ್ಯಾಗಾರಗಳಲ್ಲಿ ನಮ್ಮದೊಂದು ಪದ್ಧತಿಯಿದೆ. ಸಂದಿಗ್ಧ ಬಂದಾಗ ಕೈ ಎತ್ತಿಸಿ, ಕೂತವರು ಏನು ಮಾಡುತ್ತಿದ್ದರು ಎಂದು ಕೇಳುವುದು. ಕಲಿಯುವವರಿಗೆ ಅದರಿಂದ ಹುರುಪು ಬರುತ್ತದೆ. ರೂಢಿಯ ಬಲದಿಂದ ನಾನೂ ಕೇಳಿಬಿಟ್ಟೆ. ಕ್ಲಿಪ್ ಹಾಕಬಹುದು ಎನ್ನುವವರು ಕೈ ಎತ್ತಿ ಎಂದೆ. ಎತ್ತಿದರು ನೋಡು, ಹೆಚ್ಚುಕಡಿಮೆ ಇಡೀ ಹಾಲ್ ಎತ್ತಿತು. ಕಾಫಿ ಕಪ್ ಹಿಡಿದಿದ್ದವರು ಎಡಗೈ ಎತ್ತಿದರು. ಪರದೆಯ ಮೇಲೆ ಕ್ಲಿಪ್ ಬಾಯಿ ತೆರೆದುಕೊಂಡು ಆ ನಾಳದ ಹತ್ತಿರ ಬಂತು. ಇವರೆಲ್ಲ ಒಂದು ಚಿತ್ರ ನೋಡುತ್ತಿದ್ದಾರೆ, ಅಲ್ಲಿರುವುದು ನನ್ನ ಅಕ್ಕ ಅನ್ನಿಸಿತು. ನನಗೆ ಜಡೆ ಹಾಕಿದವಳು, ಪರೀಕ್ಷೆಯ ಹಿಂದಿನ ರಾತ್ರಿ ತೂಕಡಿಸಿದರೆ ಕಿವಿ ಹಿಂಡಿದವಳು. "ಒಂದು ನಿಮಿಷ ಸಾರ್, ಕೈ ತಡೀರಿ" ಎಂದು ಆಪರೇಷನ್ ಥಿಯೇಟರಿನಲ್ಲಿದ್ದ ಅತಿಥಿಗಳಿಗೆ ಹೇಳಿದೆ. ಪಕ್ಕದಲ್ಲಿದ್ದ ತಂತ್ರಜ್ಞರಿಗೆ, "ಹಾಲ್‌ಗೆ ಬರ್ತಿರೋದನ್ನ ಆರಿಸಿ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. "ಆರಿಸ್ರೀ ಅಂದೆ!" ಎಂದು ಗದರಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಪರದೆ ಕಪ್ಪಾಯಿತು, ಹಾಲ್‌ನಲ್ಲಿ ಗದ್ದಲವೆದ್ದಿತು, ನಾನು ಮೈಕನ್ನು ಯಾರದೋ ಕೈಗೆ ತುರುಕಿ ಥಿಯೇಟರಿಗೆ ಓಡಿದೆ.

ಒಳಗೆ ಅತಿಥಿಗಳ ಮುಂದಿನ ಪರದೆ ಉರಿಯುತ್ತಲೇ ಇತ್ತು. ಅವರು ಅಲುಗಾಡದೆ ನಿಂತಿದ್ದರು, ನರ್ಸ್ ಹಣೆಯ ಬೆವರು ಒರೆಸುತ್ತಿದ್ದಳು. ನನ್ನನ್ನು ನೋಡದೆಯೇ, "ಈಗ ಹೊರಗಡೆ ಯಾರಿಗೂ ಕಾಣ್ತಿಲ್ವಾ?" ಎಂದು ಕೇಳಿದರು. ಇಲ್ಲ ಸಾರ್ ಎಂದೆ. ದೊಡ್ಡದೊಂದು ಉಸಿರು ಬಿಟ್ಟರು. "ಹಾಗಾದ್ರೆ ತೆರೆದೇ ಮಾಡೋಣ. ಇದು ಯಾವ ನಾಳ ಅಂತ ನನಗೆ ಗೊತ್ತಾಗ್ತಿಲ್ಲ."

ಗೊತ್ತಾಗುತ್ತಿಲ್ಲ ಎನ್ನುವ ಈ ಒಂದು ಮಾತನ್ನು ಅಷ್ಟು ಜನರ ಎದುರು ಹೇಳಲು ಅವರಿಗೆ ಬಾಯಿ ಬಂದಿರಲಿಲ್ಲ. ಅವರನ್ನು ಬೈಯಬೇಡ. ಅವರ ಜಾಗದಲ್ಲಿ ನಾನಿದ್ದರೂ ನನ್ನ ನಾಲಿಗೆ ಏಳುತ್ತಿತ್ತೆಂದು ಹೇಳಲಾರೆ. ಹೊಟ್ಟೆ ತೆರೆದು, ಬೆರಳಿಟ್ಟು, ಒಂದೊಂದೇ ಪದರ ಬಿಡಿಸಿದರು. ಎಷ್ಟು ಹೊತ್ತು ಹಿಡಿಯಿತೋ, ನಾನು ನಿನ್ನ ತಲೆಯ ಬಳಿಯೇ ನಿಂತಿದ್ದೆ. ಕೊನೆಗೆ ಅವರು ಬೆರಳಿನಿಂದ ತೋರಿಸಿ, "ನೋಡಿ" ಎಂದರು. ಹಾಲ್‌ನವರೆಲ್ಲ ಕೈ ಎತ್ತಿ ಕತ್ತರಿಸಲು ಹೇಳಿದ್ದು ದೊಡ್ಡ ನಾಳವನ್ನು. ಅದು ಇಂದು ನಿನ್ನೊಳಗೆ ಹಾಗೇ ಇದೆ, ಅದಕ್ಕೇ ನೀನು ಭಾವನ ಮೇಲೆ ಕೂಗಾಡುತ್ತಿದ್ದೀಯ. ನಿನ್ನ ಹೊಟ್ಟೆಯ ಮೇಲಿನ ಗಾಯ ಉದ್ದವಾಗಿರುವುದು ಯಾರೋ ಎಡವಿದ್ದರಿಂದಲ್ಲ, ಎಡವುವ ಮೊದಲೇ ನಿಂತಿದ್ದರಿಂದ.

ಇನ್ನು ಪತ್ರಿಕೆಯ ವಿಷಯ. ಮೂರನೇ ಪುಟಕ್ಕೆ ಕಾರ್ಯಾಗಾರದ ವರದಿ ಹೋಗಬೇಕು. ಕಾರ್ಯದರ್ಶಿಗಳು ತಾವೇ ಬರೆದು ಕಳಿಸಿದ್ದಾರೆ. "ತಾಂತ್ರಿಕ ಅಡಚಣೆಯಿಂದ ನೇರಪ್ರಸಾರ ಮೊಟಕುಗೊಂಡಿತು. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು." ಇಷ್ಟೇ. ನಾನು ನಡೆದದ್ದನ್ನು ನಡೆದಂತೆ ಬರೆಯುತ್ತೇನೆ ಎಂದಿದ್ದಕ್ಕೆ, "ದೊಡ್ಡೋರ ಮರ್ಯಾದೆ ಏನಾಗಬೇಕು? ಮುಂದಿನ ವರ್ಷ ಯಾರು ಬರ್ತಾರೆ? ನಿಮ್ಮಕ್ಕ ಅಂತ ನೀವು ಹೆದರಿದ್ರಿ, ಆಯ್ತು, ಬಿಡಿ ಮೇಡಂ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಸದಸ್ಯರಿಗೆ ಕಲಿಸಲೆಂದೇ ಈ ಪತ್ರಿಕೆ ಇರುವುದು. ಕಲಿಯಬೇಕಾದದ್ದು ಅಂದು ಪರದೆ ಆರಿದ ಮೇಲೆ ನಡೆಯಿತು, ಅದನ್ನೇ ಮುಚ್ಚಿಟ್ಟರೆ ಇನ್ನೇನು ಉಳಿಯಿತು? ಎಲ್ಲಾ ಯಶಸ್ವಿ ಎಂದು ನೀನು ಆಡಿಕೊಂಡಾಗ ನಕ್ಕು ಸುಮ್ಮನಾದವಳು ಈ ಸಲ ಸುಮ್ಮನಾಗಲಿಲ್ಲ, ಮೇಜು ಗುದ್ದಿಯೇ ಜಗಳವಾಡಿದೆ.

ಅತಿಥಿಗಳಿಗೂ ಫೋನ್ ಮಾಡಿದೆ. ನಡೆದದ್ದನ್ನೇ ಬರೆಯುತ್ತೇನೆ ಎಂದೆ. ಅವರು, "ನನ್ನ ಹೆಸರು ಹಾಕೋದಕ್ಕೆ ನನ್ನ ಅಭ್ಯಂತರ ಇಲ್ಲ. ಸಂತೋಷಾನೂ ಇಲ್ಲ. ಆದ್ರೆ ಹೊಟ್ಟೆ ನಿಮ್ಮಕ್ಕಂದು, ಮೊದಲು ಅವರನ್ನ ಕೇಳಿ" ಎಂದರು. ಹೌದಲ್ಲ ಅನ್ನಿಸಿತು. ನಾವೆಲ್ಲ ಅವರ ಮರ್ಯಾದೆ, ಇವರ ಮರ್ಯಾದೆ ಎಂದು ಬಡಿದಾಡುತ್ತಿದ್ದೆವೇ ಹೊರತು, ಆ ದಿನದ ಕತೆ ನಿನ್ನದು ಎನ್ನುವುದು ಒಬ್ಬರಿಗೂ ಹೊಳೆದಿರಲಿಲ್ಲ. ನನ್ನ ವರದಿಯನ್ನು ಇದರ ಜೊತೆಗಿಟ್ಟಿದ್ದೇನೆ. ಅದರಲ್ಲಿ ರೋಗಿ ಎಂದಷ್ಟೇ ಇದೆ, ನೀನೆಂದು ಇಲ್ಲ. ಆದರೂ ಸದಸ್ಯರಿಗೆಲ್ಲ ಗೊತ್ತು. ನೀನು ಒಪ್ಪಿದರೆ ಮಾತ್ರ ಅಚ್ಚಾಗಲಿ. ಒಪ್ಪದಿದ್ದರೆ ಆ ಪುಟ ಖಾಲಿ ಹೋಗಲಿ, ಸುಳ್ಳಂತೂ ನನ್ನ ಕೈಯಿಂದ ಹೋಗುವುದಿಲ್ಲ. ಸಂಪಾದಕಿ ಪಟ್ಟ ಹೋದರೆ ಹೋಯಿತು.

ಒಂದು ಮಾತು ಮಾತ್ರ ವರದಿಯಲ್ಲಿ ಬರೆದಿಲ್ಲ, ಬರೆಯಲು ಕೈ ಬರಲಿಲ್ಲ. ಕಾರ್ಯದರ್ಶಿಗಳ ಮಾತಿಗೆ ನಾನು ಅಷ್ಟು ಉರಿದುಬಿದ್ದದ್ದು ಅದರಲ್ಲಿ ನಿಜವಿದ್ದುದರಿಂದ. ಅಂದು ಹಸಿರು ಬಟ್ಟೆಯಡಿ ಮಲಗಿದ್ದವರು ನೀನಲ್ಲದೆ ಬೇರೆ ಯಾರೋ ಆಗಿದ್ದರೆ ನಾನು ಪರದೆ ಆರಿಸುತ್ತಿದ್ದೆನೆ? ಮನೆಯವರೆಲ್ಲ ಹೊರಗೆ ಕಾಯುತ್ತಿದ್ದ ಒಬ್ಬ ಡ್ರೈವರ್, ಒಬ್ಬಳು ಅಂಗಡಿಯವಳು? ಅಷ್ಟು ಕೈಗಳು ಮೇಲೆದ್ದಿದ್ದವು, ಅವೆಲ್ಲ ಓದಿದವರ ಕೈಗಳು. ನಾನು ಹಿರಿಯರನ್ನು ನಂಬಿ ಸುಮ್ಮನೆ ಕೂತಿರುತ್ತಿದ್ದೆ ಅಂತ ಭಯವಾಗುತ್ತದೆ, ಅಕ್ಕ. ಅನ್ನ ಮುಂದಿಟ್ಟುಕೊಂಡರೂ ಅದೇ ಯೋಚನೆ. ನಿನ್ನ ಮೇಲಿನ ಪ್ರೀತಿ ನಿನ್ನನ್ನು ಉಳಿಸಿತು, ಸರಿ. ಬೇರೆಯವರನ್ನು ಉಳಿಸಲು ನನ್ನ ಬಳಿ ಏನಿತ್ತು?

ಅದಕ್ಕೇ ವರದಿಯ ಕೊನೆಯಲ್ಲಿ ಒಂದು ಬೇಡಿಕೆ ಇಟ್ಟಿದ್ದೇನೆ. ಇನ್ನು ಮುಂದೆ ಇಂಥ ಕಾರ್ಯಾಗಾರದಲ್ಲಿ ರೋಗಿಯ ಕಡೆಯವರೆಂದು ಒಬ್ಬ ಸರ್ಜನ್ ಕೂರಬೇಕು. ಅವರು ಪ್ರಶ್ನೆ ಕೇಳುವುದಿಲ್ಲ, ಪಾಠ ಮಾಡುವುದಿಲ್ಲ, ಕೈ ಎತ್ತುವುದಿಲ್ಲ. ಸಾಕು ಅನ್ನಿಸಿದರೆ ಪರದೆ ಆರಿಸುತ್ತಾರೆ, ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ಮುಂದಿನ ಸಲ ಆ ಕುರ್ಚಿಗೆ ನನ್ನ ಹೆಸರನ್ನೇ ಬರೆದಿದ್ದೇನೆ. ಅಂದು ಮೇಜಿನ ಮೇಲೆ ಮಲಗುವವರು ಯಾರು ಎಂದು ನನಗಿನ್ನೂ ಗೊತ್ತಿಲ್ಲ. ಯಾರೇ ಆಗಲಿ, ಆ ಹೊತ್ತಿನ ಮಟ್ಟಿಗೆ ಅವರು ನನ್ನ ಅಕ್ಕ.

ವಾರ್ಡಿನ ಬಾಗಿಲಲ್ಲಿ ನಾಳೆಯೂ ನಿಂತಿರುತ್ತೇನೆ. ಬೈಯುವುದಿದ್ದರೆ ಒಳಗೆ ಕರೆದೇ ಬೈ. ಬೇಗ ಎದ್ದು ಓಡಾಡುವಂತಾಗು, ಕೆಮ್ಮು ಬಂದಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿದುಕೋ, ನಗು ಬಂದಾಗಲೂ.

ನೀನು ಬದುಕಿದ್ದೀಯಲ್ಲ, ಅಷ್ಟು ಸಾಕು ಎನ್ನುವ
ನಿನ್ನ ತಂಗಿ