ಅತ್ತೆಯ ಪೆನ್ನಿಗೆ ಹೊಸ ಕ್ಲಿಪ್ಪು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ, ನಿಮ್ಮ ಸೊಸೆಯ ನಮಸ್ಕಾರಗಳು.

ಕಾನೂನಿನ ಲೆಕ್ಕದಲ್ಲಿ ನಾನೀಗ ನಿಮಗೆ ಏನೂ ಅಲ್ಲ ಎನ್ನುವುದು ನನಗೆ ಗೊತ್ತು. ಆದರೆ ‘ಸೊಸೆ’ ಅಂತ ಬರೆಯದೆ ಬೇರೇನು ಬರೆಯಲಿ ಎಂದು ಯೋಚಿಸುತ್ತ ಕೂತರೆ ನಿಬ್ಬಿನಲ್ಲಿ ಶಾಯಿ ಒಣಗುತ್ತದೆ. ನಾನು ಚೆನ್ನಾಗಿದ್ದೇನೆ. ನಿಮ್ಮ ಪೆನ್ನು ಮಾತ್ರ ಇಲ್ಲಿಗೆ ಬಂದಾಗ ಚೆನ್ನಾಗಿರಲಿಲ್ಲ. ಈಗ ಅದೂ ಚೆನ್ನಾಗಿದೆ. ಈ ಕಾಗದವನ್ನು ಅದರಲ್ಲೇ ಬರೆಯುತ್ತಿದ್ದೇನೆ. ರಿಪೇರಿಯಾದ ಪೆನ್ನಿನಲ್ಲಿ ನಾವೇ ಸ್ವಲ್ಪ ಬರೆದು ನೋಡದೆ ಯಾರಿಗೂ ಕೊಡಬಾರದು ಎನ್ನುವುದು ನಮ್ಮ ಅಂಗಡಿಯ ನಿಯಮ. ಬೇರೆಯವರ ಪೆನ್ನಾದರೆ ನಾಲ್ಕು ಗೆರೆ, ನಾಲ್ಕು ಸೊನ್ನೆ ಗೀಚಿ ಮುಗಿಸುತ್ತೇನೆ. ಈ ಸಲ ಬರೆಯುವುದು ಜಾಸ್ತಿ ಇದೆ.

ಹೇಳಬೇಕಾದದ್ದು ಎರಡು ವಿಷಯ. ಒಂದು ತಮಾಷೆಯದು, ಇನ್ನೊಂದು ಅಲ್ಲ. ತಮಾಷೆಯಲ್ಲದ್ದನ್ನೇ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಕೊನೆಯ ಹಾಳೆಯನ್ನು ತಿರುಗಿಸಿ ನೋಡಿಬಿಡುತ್ತೀರಿ. ನನ್ನನ್ನು ಒಬ್ಬರು ಮದುವೆಗೆ ಕೇಳಿದ್ದಾರೆ. ನನಗೆ ಮನಸ್ಸಿದೆ. ಆದರೂ ಇನ್ನೂ ಹೂಂ ಅಂದಿಲ್ಲ. ಹೂಂ ಅಂದರೆ ನೀವು ನನ್ನ ಕೈಬಿಟ್ಟು ಹೋಗುತ್ತೀರೇನೋ ಎಂದು ಭಯ.

ಇನ್ನು ತಮಾಷೆಯ ವಿಷಯ. ಅತ್ತೆ, ಪೆನ್ನಿನ ಕ್ಲಿಪ್ಪನ್ನು ನೀವೇ ಮುರಿಯುತ್ತಿದ್ದೀರಿ.

ಇಲ್ಲ ಅನ್ನಬೇಡಿ. ಪೆನ್ನು ಕೈಜಾರಿ ಬಿದ್ದರೆ ಕ್ಲಿಪ್ಪಿನ ತುದಿ ಬಾಗುತ್ತದೆ. ದಪ್ಪ ಬಟ್ಟೆಗೆ ಸಿಕ್ಕಿಸಿ ಸಿಕ್ಕಿಸಿ ಹಾಳಾದರೆ ಬುಡ ಸಡಿಲವಾಗುತ್ತದೆ. ನಿಮ್ಮದು ಸರಿಯಾಗಿ ನಡುಮಧ್ಯೆ ತಿರುಚಿಕೊಂಡಿತ್ತು. ಭೂತಗನ್ನಡಿ ಹಿಡಿದು ನೋಡಿದೆ. ಎರಡೂ ಬದಿಗೆ ಸಣ್ಣ ಸಣ್ಣ ಹಲ್ಲಿನ ಗುರುತು. ನಮ್ಮಂಥವರ ಇಕ್ಕಳದ ಹಲ್ಲು ಅಷ್ಟು ನಯವಾಗಿರುವುದಿಲ್ಲ. ನಿಮ್ಮ ಅಡುಗೆಮನೆಯ ಡ್ರಾಯರಿನಲ್ಲಿ ಚಮಚಗಳ ಪಕ್ಕ ಒಂದು ಉಕ್ಕಿನ ಚಿಮುಟ ಇದೆಯಲ್ಲ, ಆಸ್ಪತ್ರೆಯಿಂದ ನಿವೃತ್ತರಾಗುವಾಗ ನೆನಪಿಗೆಂದು ಇಟ್ಟುಕೊಂಡದ್ದು? ನನ್ನ ಕಾಲಿನ ಮುಳ್ಳು ತೆಗೆದದ್ದು ಅದರಲ್ಲೇ. ಅಷ್ಟು ವರ್ಷ ಹೆಡ್ ನರ್ಸ್ ಆಗಿದ್ದ ಕೈ, ಹಿಡಿತ ಒಂದು ಚೂರೂ ಜಾರಿಲ್ಲ. ಕ್ಲಿಪ್ಪು ನುಜ್ಜುಗುಜ್ಜಾಗಿದೆ, ಅದರ ಕೆಳಗೆ ಪೆನ್ನಿನ ಮೈಗೆ ಒಂದು ಗೀರೂ ಬಿದ್ದಿಲ್ಲ. ಆಕಸ್ಮಿಕಗಳು ಇಷ್ಟು ಜಾಗ್ರತೆಯಿಂದ ಆಗುವುದಿಲ್ಲ.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತು ನಿಮ್ಮ ಕಥೆ. ಈ ಅಂಗಡಿಗೆ ಲೋಹದ ಬಿಡಿಭಾಗಗಳನ್ನು ಕಡೆದುಕೊಡುವವರು ಒಬ್ಬರಿದ್ದಾರೆ, ಎಲ್ಲರೂ ಲೇತಿನವರು ಅಂತಲೇ ಕರೆಯುತ್ತೇವೆ. ಅವರು ಆ ಕ್ಲಿಪ್ಪನ್ನು ಅಂಗೈಯಲ್ಲಿಟ್ಟು ನೋಡಿ, “ಈ ಯಜಮಾನಿ ಪೆನ್ನಲ್ಲಿ ಬರೀತಾರಾ, ಇಲ್ಲ ಗೋಡೆಗೆ ಮೊಳೆ ಹೊಡೀತಾರಾ?” ಎಂದು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಹಿಂದಿನ ಕೋಣೆಗೆ ಹೋಗಿ ಅತ್ತುಬಿಟ್ಟೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ಸೊಸೆಯ ಮೇಲಿನ ಪ್ರೀತಿಯನ್ನು ಕ್ಲಿಪ್ಪಿನ ಮೇಲೆ ತೀರಿಸಿಕೊಂಡವರು ಪ್ರಪಂಚದಲ್ಲಿ ನೀವೊಬ್ಬರೇ ಇರಬೇಕು.

ನಾನು ನಿಮ್ಮ ಮನೆಗೆ ಬಂದ ಹೊಸತರಲ್ಲಿ, ಕೆಲಸ ಏನು ಮಾಡ್ತೀಯ ಎಂದು ಕೇಳಿದ್ದಿರಿ. ಹಳೇ ಕಾಲದ ಶಾಯಿ ಪೆನ್ನುಗಳಿಗೆ ಹೊಸ ಕ್ಲಿಪ್ಪು, ಕ್ಯಾಪಿಗೆ ಉಂಗುರ, ಅದರ ತಲೆಗೊಂದು ಗುಂಡಿ, ಹೀಗೆ ಅವರವರಿಗೆ ಬೇಕಾದ ಹಾಗೆ ಮಾಡಿ ಕೂರಿಸುತ್ತೇನೆ ಅಂದೆ. “ಅಂದ್ರೆ ಮುದುಕಿಯರಿಗೆ ಸಿಂಗಾರ” ಅಂದುಬಿಟ್ಟಿರಿ. ಆವತ್ತು ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನೀವು ತುಟಿ ಪಿಟಕ್ಕೆನ್ನದೆ ಉಂಡಿರಿ. ಅಲ್ಲಿಂದ ಮುಂದೆ ದಿನವೂ ಸಂಜೆ ನನ್ನ ಗಿರಾಕಿಗಳ ಕಥೆ ಕೇಳುವುದು ನಿಮಗೆ ಅಭ್ಯಾಸವಾಯಿತು. ಕ್ಯಾಪಿನ ಮೇಲೆ ದವಡೆ ಹಲ್ಲಿನ ಆಕಾರದ ಗುಂಡಿ ಬೇಕೆಂದ ದಂತವೈದ್ಯರ ಕಥೆಯನ್ನಂತೂ ನನ್ನ ಬಾಯಿಂದ ಮತ್ತೆ ಮತ್ತೆ ಹೇಳಿಸಿದಿರಿ. “ಹುಳುಕು ಇರೋ ಹಲ್ಲೋ, ಇಲ್ದೇ ಇರೋದೋ?” ಎಂದು ಪ್ರತಿ ಸಲವೂ ಕೇಳುತ್ತಿದ್ದಿರಿ.

ನಿವೃತ್ತರಾದ ವಾರ ನಿಮ್ಮ ಪೆನ್ನನ್ನೇ ತಂದು ನನ್ನ ಮುಂದೆ ಇಟ್ಟಿರಿ. ವಾರ್ಡಿನ ತುಂಬ ನಿಮ್ಮ ಜೊತೆ ಓಡಾಡಿದ ಕಪ್ಪು ಪೆನ್ನು. ಕ್ಲಿಪ್ಪು ಯಾವಾಗಲೋ ಹೋಗಿ ಅಲ್ಲಿ ಬ್ಯಾಂಡೇಜಿನ ಪಟ್ಟಿ ಸುತ್ತಿತ್ತು. “ಈ ಮುದುಕಿಗೂ ಸಿಂಗಾರ ಮಾಡು, ಜೀವಮಾನವೆಲ್ಲ ದುಡಿದಿದೆ” ಅಂದಿರಿ. ಪೆನ್ನಿನ ಬಗ್ಗೆ ಹೇಳಿದ್ದೋ ನಿಮ್ಮ ಬಗ್ಗೆಯೋ, ನಾನು ಕೇಳಲಿಲ್ಲ. ಹೊಸ ಕ್ಲಿಪ್ಪು, ಹಿತ್ತಾಳೆಯ ಉಂಗುರ ಮಾಡಿದೆ. ತಲೆಯ ಗುಂಡಿಗೆ ಮುತ್ತಿನ ಚಿಪ್ಪಿನ ಬಿಲ್ಲೆ ಕೂರಿಸಬೇಕೆಂದಿದ್ದೆ. ಆ ಬಿಲ್ಲೆ ಬರುವಷ್ಟರಲ್ಲಿ ನನ್ನ ಮದುವೆಯೇ ಮುರಿದಿತ್ತು.

ನಿಮ್ಮ ಮಗನ ಮೇಲೆ ನನಗೆ ದೂರಿಲ್ಲ. ಕ್ಯಾಪೂ ಒಳ್ಳೆಯದೇ, ಪೆನ್ನೂ ಒಳ್ಳೆಯದೇ, ತಿರುಪಿನ ಥ್ರೆಡ್ಡು ಮಾತ್ರ ಬೇರೆ ಬೇರೆ. ಬಲವಂತವಾಗಿ ತಿರುಗಿಸಿದ್ದರೆ ಬಿರುಕು ಬಿಡುತ್ತಿತ್ತು, ಅದಕ್ಕೆ ಮೊದಲೇ ಬಿಡಿಸಿಕೊಂಡೆವು. ಅವರಿಗೆ ಈಗ ಹೊಂದುವವಳು ಸಿಕ್ಕಿದ್ದಾಳೆ. ನೀವು ಕಳಿಸುವ ಪೆನ್ನಿನ ಪಾರ್ಸೆಲ್ ಮೇಲೆ ವಿಳಾಸ ಬರೆಯುವುದು ಅವಳೇ ಅಲ್ಲವೇ? ದುಂಡಗಿನ ಅಕ್ಷರ, ಮೂಲೆಗಳಿಗೆಲ್ಲ ಹತ್ತಿ ತುಂಬಿ ಕಟ್ಟುತ್ತಾಳೆ. ಯಾರಿಗೆ ಕಳಿಸುತ್ತಿದ್ದೇನೆಂದು ಗೊತ್ತಿದ್ದೂ ಅಷ್ಟು ಚೆನ್ನಾಗಿ ಕಟ್ಟುವ ಹುಡುಗಿ ಒಳ್ಳೆಯವಳೇ ಇರಬೇಕು. ಮೊದಮೊದಲು ಆ ಅಕ್ಷರ ನೋಡಿದರೆ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಈಗಿಲ್ಲ. ಸ್ವಲ್ಪ ಇದೆ.

ನಾನು ಹೊರಟ ದಿನ ನೀವು ಕೋಣೆಯಿಂದ ಹೊರಗೆ ಬರಲಿಲ್ಲ. ಪೆಟ್ಟಿಗೆಯನ್ನು ಮೆಟ್ಟಿಲ ಹತ್ತಿರ ಇಟ್ಟು ನಿಮ್ಮ ಬಾಗಿಲ ಮುಂದೆ ನಿಂತೆ. ‘ಬರ್ತೀನಿ’ ಎನ್ನಲು ಬಾಯಿ ಬರಲಿಲ್ಲ, “ಹೋಗ್ತೀನಿ ಅತ್ತೆ” ಅಂದೆ. “ಹೋಗೋರನ್ನ ತಡೀಬಾರದು” ಎಂದು ಒಳಗಿಂದ ಹೇಳಿದಿರಿ. ವಾರ್ಡಿನ ದನಿ ಅದು, ಏರಿಲ್ಲ ಇಳಿದಿಲ್ಲ. ನಿಮಗೆ ಯಾವುದು ಸರಿ ಅನ್ನಿಸುತ್ತದೋ ಅದನ್ನು ಎದೆ ಒಡೆದರೂ ಮಾಡುವವರು ನೀವು. ಬಸ್ಸಿನಲ್ಲಿ ಕೂತ ಮೇಲೆ ನನಗೆ ಅದು ಅರ್ಥವಾಯಿತು. ಆಮೇಲೆ ಪೆನ್ನಿನ ಕೆಲಸ ಮುಗಿಸಿ, ಒಂದು ಸಾಲೂ ಬರೆಯದೆ ಅಂಚೆಗೆ ಹಾಕಿದೆ. ಏನು ಬರೆಯಬೇಕೆಂದು ಗೊತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಅದು ವಾಪಸ್ಸು ಬಂತು. ಗುಂಡಿ ಕಳಚಿಕೊಂಡಿತ್ತು. ಜೊತೆಗೊಂದು ಚೀಟಿ, ರೋಗಿಯ ಮಂಚಕ್ಕೆ ತೂಗುಹಾಕುವ ಹಾಳೆಯ ಧಾಟಿಯಲ್ಲಿ: ರೋಗಿಯ ತಲೆ ಬಿದ್ದಿದೆ, ಜ್ವರ ಇಲ್ಲ, ಶಾಯಿ ಸರಿಯಾಗಿ ಕುಡಿಯುತ್ತಿದೆ, ನೀನು ಸರಿಯಾಗಿ ಊಟ ಮಾಡುತ್ತಿದ್ದೀಯಾ? ಆ ಕೊನೆಯ ಪ್ರಶ್ನೆಗೆ ನಾನು ಎರಡು ಪುಟ ಉತ್ತರ ಬರೆದೆ. ನೀವು ಅದಕ್ಕೆ ಉತ್ತರ ಬರೆಯಲಿಲ್ಲ, ಉಂಗುರ ಕಿತ್ತು ಕಳಿಸಿದಿರಿ. ಚೀಟಿ ಮಾತ್ರ ಉದ್ದವಾಗಿತ್ತು. ಆಮೇಲೆ ಕ್ಲಿಪ್ಪು. ಆಮೇಲೆ ಮತ್ತೆ ಕ್ಲಿಪ್ಪು. ರೋಗಿಯ ವರದಿ ಎರಡು ಸಾಲು, ನಿಮ್ಮ ಮೊಣಕಾಲು ನೋವು, ಪಕ್ಕದ ಮನೆಯ ನಾಯಿ, ನನ್ನ ಕೆಮ್ಮಿನ ಔಷಧಿ ಎಲ್ಲ ಸೇರಿ ಮೂರು ಪುಟ. ಅಂಚೆಯವರ ಸೈಕಲ್ ಗಂಟೆ ಕೇಳಿಸಿದರೆ ನಾನು ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತೇನೆ.

ಲೇತಿನವರ ಕಡೆಗೆ ಬರುತ್ತೇನೆ. ಹೌದು, ಕೇಳಿದವರು ಅವರೇ. ಮಾತು ಕಡಿಮೆ, ಕೈಗೆ ಸದಾ ಎಣ್ಣೆ, ಊಟದ ಡಬ್ಬಿ ತೆರೆದರೆ ಮೊದಲು ನನ್ನ ಕಡೆಗೆ ತಳ್ಳುತ್ತಾರೆ. ಮೊದಲ ಸಲ ಮೆಷಿನ್ನು ಓಡುತ್ತಿರುವಾಗಲೇ ಕೇಳಿದರಂತೆ, ಆ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ. ಏನು ಅಂದೆ. ಏನಿಲ್ಲ ಅಂದರು. ಮೆಷಿನ್ನು ನಿಲ್ಲಿಸಿ ಕೇಳುವ ಧೈರ್ಯ ಬರಲು ಅವರಿಗೆ ಇನ್ನೂ ಒಂದು ವಾರ ಬೇಕಾಯಿತು. ನಾನು, “ನಮ್ಮತ್ತೇನ ಕೇಳ್ಬೇಕು” ಅಂದೆ. ಅವರು ಗಾಬರಿಯಾಗಿ, “ಅಂದ್ರೆ... ನಿಮ್ಮ ಹಳೇ ಅತ್ತೆನಾ?” ಅಂದರು. “ಹಳೇದಾಗಿರೋದು ಗಂಡ. ಅತ್ತೆ ಹಳೇದಾಗಿಲ್ಲ” ಅಂದೆ. ಅವರು, “ಹಾಗಾದ್ರೆ ಅವರಿಗೆ ಇನ್ನೂ ಗಟ್ಟಿ ಕ್ಲಿಪ್ಪು ಮಾಡ್ಬೇಕು” ಎಂದು ಎದ್ದು ಹೋದರು. ಇಂಥವರು.

ಆ ಕ್ಲಿಪ್ಪೇ ಈಗ ನಿಮ್ಮ ಪೆನ್ನಿನ ಮೇಲಿದೆ. ಸ್ಪ್ರಿಂಗಿಗೆ ಹಾಕುವ ಉಕ್ಕು, ಮೇಲೆ ಹಿತ್ತಾಳೆಯ ಲೇಪ, ತುದಿಯಲ್ಲಿ ಒಂದು ಪುಟ್ಟ ಎಲೆ. ಎಲೆ ಕೊರೆದದ್ದು ನಾನು. ಬುಡಕ್ಕೆ ರಿವೆಟ್ ಹೊಡೆದಿದ್ದೇವೆ. ಚಿಮುಟ ತರಬೇಡಿ, ನಿಮ್ಮ ಹೆಬ್ಬೆರಳಿಗೆ ನೋವಾಗುತ್ತದೆ ಹೊರತು ಅದಕ್ಕೆ ಏನೂ ಆಗುವುದಿಲ್ಲ. ಉಂಗುರವನ್ನು ಬಿಸಿ ಮಾಡಿ ಕೂರಿಸಿದ್ದೇವೆ, ಗುಂಡಿಗೆ ಅರಗು ಹಾಕಿದ್ದೇವೆ. ಇನ್ನು ಇದರಲ್ಲಿ ಮುರಿಯುವುದಕ್ಕೆ ಏನೂ ಉಳಿದಿಲ್ಲ.

ಬೇಕೆಂದೇ ಹೀಗೆ ಮಾಡಿದೆ ಅತ್ತೆ.

ನಿಮ್ಮ ಸ್ವಭಾವ ನನಗೆ ಗೊತ್ತು. ನಾನು ಮದುವೆಯಾದೆ ಎಂದು ತಿಳಿದ ದಿನವೇ ನೀವು, ಇನ್ನೊಬ್ಬರ ಮನೆ ಸೇರಿದವಳಿಗೆ ಕಾಗದ ಬರೆಯುವುದು ಚಂದವಲ್ಲ ಎಂದು ತೀರ್ಮಾನಿಸಿ, ಪೆನ್ನಿಗೆ ಕ್ಯಾಪು ಹಾಕಿ ಕಪಾಟಿನಲ್ಲಿ ಇಟ್ಟುಬಿಡುತ್ತೀರಿ. ನನಗೆ ಒಳ್ಳೆಯದಾಗಲಿ ಎಂದೇ ಹಾಗೆ ಮಾಡುತ್ತೀರಿ. ಆ ಒಳ್ಳೆಯದು ನನಗೆ ಬೇಡ. ಹೋಗುವವರನ್ನು ತಡೆಯಬಾರದು, ಸರಿ. ನಾನು ಹೋಗುತ್ತಿಲ್ಲವಲ್ಲ! ನಿಮ್ಮ ಮಗನಿಂದ ಬಿಡುಗಡೆ ಕೇಳಿದೆ, ಕೊಟ್ಟರು. ನಿಮ್ಮಿಂದ ಕೇಳಿಯೇ ಇಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಇದು ಸೊಸೆಯ ಕಾಲ, ನಾನು ಹೇಳಿದ ಹಾಗೆ ಕೇಳಿ. ಏನನ್ನೂ ಮುರಿಯದೆ ನನಗೊಂದು ಕಾಗದ ಬರೆಯಿರಿ. ಪಾರ್ಸೆಲ್ ಬೇಡ, ರೋಗಿ ಬೇಡ. ಬರೀ ಕಾಗದ, ಅರ್ಧ ಪುಟವಾದರೂ ಸಾಕು. ಅದು ಕೈಗೆ ಬಂದ ದಿನ ನಾನು ಲೇತಿನವರಿಗೆ ಹೂಂ ಅನ್ನುತ್ತೇನೆ. ಬರದಿದ್ದರೆ ಏನು ಮಾಡಬೇಕೆಂದು ನಾನು ಯೋಚಿಸಿಲ್ಲ.

ಇನ್ನೊಂದು ಮಾತು. ಲೇತಿನವರಿಗೆ ತಾಯಿ ಇಲ್ಲ. ಚಿಕ್ಕಂದಿನಲ್ಲೇ ಹೋದರಂತೆ. ಹೀಗಾಗಿ ಆ ಮನೆಯಲ್ಲಿ ಅತ್ತೆಯ ಕೆಲಸ ಖಾಲಿ ಇದೆ. ಅನುಭವ ಇರುವವರಿಗೆ ಆದ್ಯತೆ.

ಮೊಣಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ, ರೋಗಿಗಳಿಗೆ ಹೇಳಿದ್ದನ್ನು ನೀವೂ ಮಾಡಿ. ಪಾರ್ಸೆಲ್ ಕಟ್ಟುವ ಹುಡುಗಿಗೆ ನಾನು ಕೇಳಿದೆನೆಂದು ಹೇಳಿ. ಹೇಳಲು ಮುಜುಗರವಾದರೆ ಬೇಡ.

ಇಂತಿ,
ನಿಮ್ಮ ಮೊದಲ ಸೊಸೆ

ವಿ.ಸೂ.: ಕಾಗದ ಮಡಿಸಿ ಲಕೋಟೆಗೆ ಹಾಕಿ, ಮತ್ತೆ ತೆಗೆದೆ. ನಿಮ್ಮ ಕಳ್ಳತನವನ್ನು ಇಷ್ಟುದ್ದ ಬರೆದು ನನ್ನದನ್ನು ಮುಚ್ಚಿಟ್ಟರೆ ನ್ಯಾಯವಲ್ಲ. ಮೊದಲ ಸಲ ಬಿದ್ದ ಆ ಗುಂಡಿ ಇದೆಯಲ್ಲ, ಅದಕ್ಕೆ ನಾನು ಅರಗೇ ಹಾಕಿರಲಿಲ್ಲ. ಸಡಿಲವಾದ ಭಾಗವನ್ನು ಈ ಕೈಯಿಂದ ಯಾವತ್ತೂ ಹೊರಗೆ ಬಿಟ್ಟವಳಲ್ಲ ನಾನು, ಅದೊಂದನ್ನು ಗೊತ್ತಿದ್ದೇ ಬಿಟ್ಟೆ. ಬೆರಳಲ್ಲಿ ಅರ್ಧಕ್ಕೆ ತಿರುಗಿಸಿ, ಅಂಚೆಗೆ ಹಾಕಿ, ನಾಳೆ ಬೀಳುತ್ತದೆ, ನಾಡಿದ್ದು ಅತ್ತೆ ಬರೆಯುತ್ತಾರೆ ಎಂದು ಕಾಯುತ್ತ ಕೂತೆ. ಎರಡು ತಿಂಗಳು! ಅದನ್ನು ನೀವು ಅಷ್ಟು ಜೋಪಾನವಾಗಿ ಹಿಡಿಯುತ್ತೀರೆಂದು ಗೊತ್ತಿದ್ದರೆ ಇನ್ನೂ ಒಂದು ಸುತ್ತು ಕಡಿಮೆ ತಿರುಗಿಸಿರುತ್ತಿದ್ದೆ.