ಬಿಗಿಯದ ನಟ್ಟು

ಇಳಕಲ್ಲ
೧೪ ಜನವರಿ ೨೦೨೪

ಗೆಳೆಯ ನಾಗಲಿಂಗನಿಗೆ ಸುಭಾನಸಾಬನ ಶರಣು. ಮನೆಯವರಿಗೆಲ್ಲ ನನ್ನ ಸಲಾಮು ಹೇಳು.

ನೀನು ಫೋನು ಎತ್ತುವುದಿಲ್ಲ. ಬಾದಾಮಿ ಬಸ್‌ ಸ್ಟ್ಯಾಂಡಿನ ಹಿಂದಿರುವ ನಿನ್ನ ಗ್ಯಾರೇಜಿಗೆ ಎರಡು ಸಲ ಬಂದೆ. ಎರಡೂ ಸಲ ನೀನು ಯಾವುದೋ ಬೈಕಿನ ಕೆಳಗೆ ತಲೆ ಹಾಕಿ, ನಾನು ಹೋಗುವವರೆಗೂ ಎತ್ತಲಿಲ್ಲ. ಕಾಗದವನ್ನಾದರೂ ಓದುತ್ತೀಯಾ ಎಂದು ಬರೆಯುತ್ತಿದ್ದೇನೆ. ಹರಿಯುವುದಾದರೆ ಪೂರ್ತಿ ಓದಿ ಹರಿ.

ಇದೇ ಇಪ್ಪತ್ತೆಂಟರ ಭಾನುವಾರ ಬಾಗಲಕೋಟೆಯಲ್ಲಿ ನಮ್ಮ ಸೈನ್ಯದ ವರ್ಕ್‌ಶಾಪಿನ ಹಳಬರೆಲ್ಲ ಸೇರುತ್ತಿದ್ದಾರೆ. ನೀನು ಬರುವುದಿಲ್ಲ ಎಂದು ಹೇಳಿ ಕಳಿಸಿದೆಯಂತೆ. ಅಲ್ಲಿ ಬರುವವರೆಲ್ಲ ಇವತ್ತಿಗೂ ಡ್ರೈವರ್ ಸಿದ್ದಾರ್ಥನ ಕಾಲು ನಿನ್ನಿಂದ ಹೋಯಿತು ಎಂದೇ ತಿಳಿದಿದ್ದಾರೆ. ಅದಕ್ಕೇ ನೀನು ಬರಬೇಕು.

ಲಡಾಖಿನ ಆ ಚಳಿಗಾಲ ನಿನಗೆ ನೆನಪಿರಲೇಬೇಕು. ನಮ್ಮ ವರ್ಕ್‌ಶಾಪ್ ಲಾರಿಗೆ ನೀನು ಲಾರಿಗಳ ದವಾಖಾನೆ ಎಂದು ಹೆಸರಿಟ್ಟಿದ್ದೆ. ಪಕ್ಕದ ಬಾಗಿಲು ಕೆಳಗಿಳಿಸಿದರೆ ಅದೇ ನಮ್ಮ ಕಟ್ಟೆ. ವೆಲ್ಡಿಂಗ್ ಮಷೀನಿನ ಪಕ್ಕದಲ್ಲೇ ನಿನ್ನ ಮನೆಯಿಂದ ಬಂದ ಶೇಂಗಾ ಚಟ್ನಿಯ ಡಬ್ಬಿ. ಬರಿಗೈಯಲ್ಲಿ ನಟ್ಟು ಬಿಗಿಯುವ ಪಾನಾ ಮುಟ್ಟಿದರೆ ಚರ್ಮ ಕಿತ್ತು ಬರುತ್ತಿತ್ತು. ಆದರೂ ಆ ಲಾರಿಯಲ್ಲಿ ನಾವು ನಕ್ಕಷ್ಟು ಮುಂದೆಂದೂ ನಗಲಿಲ್ಲ.

ಗಾಲಿಯ ನಟ್ಟು ಬಿಗಿದವನು ಅದರ ಮೇಲೆ ಹಳದಿ ಬಣ್ಣದ ಗೆರೆ ಎಳೆಯಬೇಕು. ಗೆರೆ ಇದ್ದರೆ ಬಿಗಿದಾಗಿದೆ ಎಂದು ಅರ್ಥ. ಪರೀಕ್ಷಿಸುವವನು ಗೆರೆ ನೋಡಿ ಸಹಿ ಹಾಕುತ್ತಿದ್ದ. ಆದರೆ ಆ ಚಳಿಗೆ ಬಣ್ಣ ಗಟ್ಟಿಯಾಗುತ್ತಿತ್ತು. ಡಬ್ಬಿಯನ್ನು ಅಂಗಿಯೊಳಗೆ ಇಟ್ಟು ಮೈಶಾಖದಲ್ಲಿ ಕರಗಿಸುತ್ತಿದ್ದೆವು. ಆ ಅಪಘಾತದ ದಿನ ನಾಲ್ಕು ಗಾಡಿಗಳಿದ್ದವು, ಇಬ್ಬರೂ ಗಡಿಬಿಡಿಯಲ್ಲಿ ಎಲ್ಲದಕ್ಕೂ ಕೈ ಹಾಕಿದ್ದೆವು. ಬಣ್ಣ ಮತ್ತೆ ಗಟ್ಟಿಯಾದೀತೆಂದು ನಾನು ಕೊನೆಯ ಗಾಡಿಯ ಎಡಗಡೆಯ ಗಾಲಿಗೆ ಮೊದಲೇ ಗೆರೆ ಎಳೆದುಬಿಟ್ಟೆ. ನಟ್ಟುಗಳನ್ನು ಕೈಯಲ್ಲಷ್ಟೇ ತಿರುಗಿಸಿದ್ದೆ, ಪಾನಾ ಹಚ್ಚಿರಲಿಲ್ಲ. ಅಷ್ಟರಲ್ಲಿ ಸಾಹೇಬರು ಜನರೇಟರ್ ನೋಡಲು ಕರೆದರು. ಹೋದವನು ಮರೆತೆ.

ನೀನು ಗೆರೆ ನೋಡಿ ಸಹಿ ಹಾಕಿದೆ. ಆ ಗಾಡಿ ಹೊರಟು ಎರಡನೆಯ ತಿರುವಿನಲ್ಲಿ ಗಾಲಿ ಕಳಚಿತು, ಲಾರಿ ಉರುಳಿ ಸಿದ್ದಾರ್ಥನ ಕಾಲು ಅದರಡಿ ಸಿಕ್ಕಿತು. ನಟ್ಟುಗಳು ಹಿಮದಲ್ಲಿ ಎಲ್ಲಿ ಹೋದವೋ ಸಿಗಲಿಲ್ಲ. ವಿಚಾರಣೆಯಲ್ಲಿ ಆ ಗಾಲಿ ಬಿಗಿದವರು ಯಾರೆಂದು ಕೇಳಿದಾಗ ನಾನು ನೆನಪಿಲ್ಲ ಎಂದೆ. ಕಾಗದದ ಮೇಲೆ ನಿನ್ನ ಸಹಿ ಮಾತ್ರ ಇತ್ತು. ಹೊರಗೆ ಬಂದು ನೀನು ನನ್ನ ತೋಳು ಹಿಡಿದು, "ಗೆರಿ ಇತ್ತಲೇ ಸುಭಾನಾ, ನಾ ಕಣ್ಣಾರೆ ನೋಡೇನಿ," ಅಂದೆ. ನಾನು ತೋಳು ಬಿಡಿಸಿಕೊಂಡು ಹೋದೆ. ಹೆದರಿದ್ದೆ.

ಹದಿನೇಳು ವರ್ಷ ನೀನು ನಿನ್ನ ಕಣ್ಣನ್ನೇ ನಂಬದೆ ಕಳೆದೆ. ನಿನ್ನ ಕಣ್ಣು ತಪ್ಪಿರಲಿಲ್ಲ, ನಾಗಲಿಂಗ. ಗೆರೆ ಇತ್ತು. ಎಳೆದವನು ನಾನು.

ಹೋದ ಶುಕ್ರವಾರ ಹುನಗುಂದಕ್ಕೆ ಹೋಗಿ ಸಿದ್ದಾರ್ಥನಿಗೆ ಎಲ್ಲ ಹೇಳಿದೆ. ಅವನು ತನ್ನ ಕಟ್ಟಿಗೆ ಕಾಲನ್ನು ಬಿಚ್ಚಿ ಗೋಡೆಗೆ ಒರಗಿಸಿದ. ಅವನ ಹೆಂಡತಿ ಶೀಲಾ ಚಹಾ ತಂದಿಟ್ಟಳು. ಬೈದಿದ್ದರೆ ಹಗುರಾಗುತ್ತಿದ್ದೆ. ಕೊನೆಗೆ, "ನನ್ನ ಕಾಲ ಹೋದದ್ದು ಹೋತು. ನಾಗಲಿಂಗನ ಹೆಸರಾದರ ತಿರುಗಿ ಕೊಡು," ಅಂದ.

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನ ಹತ್ತಿರ ಆನೆ ಇಲ್ಲ, ಬಾಯಿ ಇದೆ. ಭಾನುವಾರ ಎಲ್ಲರೆದುರು ನಿಂತು ಹೇಳುತ್ತೇನೆ. ಸೈನ್ಯದ ದಫ್ತರಕ್ಕೂ ಇದನ್ನೇ ಬರೆದು ನಿನ್ನೆ ರಿಜಿಸ್ಟರ್ ಪೋಸ್ಟ್ ಮಾಡಿದೆ. ಅವರು ಏನು ಮಾಡಿದರೂ ಮಾಡಲಿ. ಇಲ್ಲಿನ ಕಲ್ಲಿನ ಕ್ವಾರಿಯ ಕಂಪ್ರೆಸರ್ ರಿಪೇರಿ ನನ್ನ ಹೊಟ್ಟೆಗೆ ಸಾಕು. ನೀನು ನನ್ನನ್ನು ಕ್ಷಮಿಸಬೇಕೆಂದು ಕೇಳುತ್ತಿಲ್ಲ. ಬಂದು ಕುರ್ಚಿಯ ಮೇಲೆ ಕುಳಿತು ಕೇಳಿಸಿಕೋ, ಅಷ್ಟು ಸಾಕು. ಆಮೇಲೆ ಮಾತನಾಡಿಸದೆ ಹೋದರೂ ನಡೆದೀತು.

ನಿನ್ನ ಲಾರಿಯ ಜೊತೆಗಾರ,
ಸುಭಾನಸಾಬ

ತಾ.ಕ.: ಲಕೋಟೆ ಅಂಟಿಸುವ ಮೊದಲು ಮಕ್ತುಮಬಿ ಪೂರ್ತಿ ಓದಿಸಿಕೊಂಡಳು. "ಹೆದರಿಕಿ ಅಷ್ಟೇ ಏನ್ರಿ?" ಎಂದು ಕೇಳಿದಳು. ಹೆಂಡತಿಯ ಆ ಪ್ರಶ್ನೆಗೆ ಉತ್ತರವನ್ನು ನಿನಗೇ ಬರೆಯುತ್ತಿದ್ದೇನೆ. ಆ ವರ್ಷ ನಮ್ಮಲ್ಲಿ ಬಡ್ತಿಗೆ ಹವಾಲ್ದಾರನ ಜಾಗ ಒಂದೇ ಖಾಲಿ ಇತ್ತು. ಪಟ್ಟಿಯಲ್ಲಿ ನಿನ್ನ ಹೆಸರು ಮೊದಲು, ನನ್ನದು ಅದರ ಕೆಳಗೆ. ವಿಚಾರಣೆಗೆ ಹೋಗುವ ಮುಂಚೆಯೇ ಆ ಪಟ್ಟಿಯನ್ನು ನಾನು ನೋಡಿದ್ದೆ. ಭಾನುವಾರ ಇದನ್ನೂ ಹೇಳುತ್ತೇನೆ.